ಗೋವೆಯಿಂದ ಬಂದ ಏಳನೆಯ ಶೀಶೆ

ಊಟದ ಸೈರನ್ ಹೊಡೆದು ಐದು ನಿಮಿಷವಾಗಿತ್ತು. ಹವಳಗಾದ ಸಕ್ಕರೆ ಕಾರ್ಖಾನೆಯ ಲ್ಯಾಬಿನ ಬಾಗಿಲಲ್ಲಿ ಚೀಫ್ ಕೆಮಿಸ್ಟರ ದಪ್ಪ ದನಿ ಕೇಳಿತು.

"ಏನ್ರಿ ಮೇಡಂ, ಕಬ್ಬಿನ ರಸದ ರಿಪೋರ್ಟ್ ಎಲ್ಲಿ?"

ಬಸವೇಶ್ವರಿ ಗಡಬಡಿಸಿ ಎದ್ದಳು. ಸಾಹೇಬರಿಗೆ ಇಂದು ರಜೆಯಲ್ಲವೇ? ತಿರುಗಿದರೆ ಸಂಜುಕುಮಾರ; ಹೆಗಲಿಗೆ ಬ್ಯಾಗು, ಮುಖದ ತುಂಬ ಕಳ್ಳನಗೆ.

"ನಿನ್ನ ಮಿಮಿಕ್ರಿಗಿ ಬೆಂಕಿ ಹಚ್ಚಲಿ! ಎದಿ ಒಡೀತಿತ್ತಲೇ."

"ಒಡದಿದ್ರ ಜೋಡಸಾಕ ನಾ ಬಂದೇನಲ್ಲ!"

ಮೂರು ವರ್ಷದ ಹಿಂದೆ ಅವನು ಇದೇ ಲ್ಯಾಬಿನಲ್ಲಿ ಅವಳ ಪಕ್ಕದ ಸ್ಟೂಲಿನವನು. ಈಗ ಗೋವೆಯ ವಿಸ್ಕಿ ಕಂಪನಿಯೊಂದರಲ್ಲಿ ನೌಕರಿ. ಕಂಡಲ್ಲಿ ಮೂಗು ತೂರಿಸಿದರೆ ಊರಲ್ಲಿ ಬೈಗುಳ, ಅಲ್ಲಿ ಸಂಬಳ. ಪೀಪಾಯಿ ಪೀಪಾಯಿ ಮೂಸಿ, ಯಾವುದು ಹಣ್ಣು, ಯಾವುದು ಇನ್ನೂ ಕಾಯಿ ಎಂದು ಬರೆದುಕೊಡಬೇಕು. ಒಂದು ವರ್ಷದಿಂದ ಅವಳಿಗೂ ಸಣ್ಣ ಶೀಶೆಗಳಲ್ಲಿ ಸ್ಯಾಂಪಲ್ ಕಳಿಸುತ್ತಿದ್ದ. ಜೊತೆಗೊಂದು ಚೀಟಿ: 'ಕುಡೀಬ್ಯಾಡ. ಮೂಸಿ ಬರಿ. ನಿನಗ ಏನ್ ಹೊಳೀತದೋ ಅದು ನನಗ ಬೇಕು.'

ಹೆಂಡದ ಹೆಸರೆತ್ತಿದರೆ ಅಪ್ಪ ಕೊರಳ ಲಿಂಗ ಮುಟ್ಟಿಕೊಳ್ಳುವಂಥ ಮನೆಯ ಹುಡುಗಿ ಆರು ಶೀಶೆ ಮೂಸಿ ಆರು ಕಾಗದ ಬರೆದಿದ್ದಳು. ಅವಳ ಪಾಲಿಗೆ ಅವು ಪ್ರೇಮಪತ್ರಗಳೇ. ಪ್ರೇಮ ಎಂಬ ಶಬ್ದವೊಂದು ಇರಲಿಲ್ಲ, ಅಷ್ಟೇ.

ಹೋದ ವಾರ ಅವಳೇ ಫೋನು ಮಾಡಿದ್ದಳು. "ಜೇವರ್ಗಿಯವರು ನೋಡಿ ಹೋಗ್ಯಾರ. ಐತವಾರ ಹೂಂ ಇಲ್ಲಾ ಊಂಹೂಂ ಹೇಳಬೇಕು. ನೀ ಬರ್ತಿ ಏನು?"

ಬಂದಿದ್ದ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಏಳನೆಯ ಶೀಶೆ ಹಿಡಿದುಕೊಂಡು.

"ಇದು ಬ್ಯಾರೇನೇ ಅದ ಬಸು. ಪೀಟ್ ಅಂತ ವಿಲಾಯತಿ ಜೌಗು ಮಣ್ಣು, ಅದನ್ನ ಸುಟ್ಟ ಹೊಗಿಯೊಳಗ ಒಣಗಿಸಿದ ಬಾರ್ಲಿ. ಆಮ್ಯಾಲೆ ಶೆರ್ರಿ ವೈನು ಕುಡದು ಕುಡದು ಚಟ ಹತ್ತಿದ ಪೀಪಾಯಿದಾಗ ಏಳು ವರ್ಷ ಮಲಗಿಸ್ಯಾರ. ನಾಳಿಗಿ ನಾ ಬರದು ಕೊಡಬೇಕು."

ಅವಳು ಅದನ್ನು ಬೀಕರಿಗೆ ಸುರಿದು, ವಾಸನೆ ಕೂಡಲೆಂದು ಗಾಜಿನ ಮುಚ್ಚಳವಿಟ್ಟಳು. ಅವನು ಪಕ್ಕದಲ್ಲಿದ್ದ ಇನ್ನೊಂದು ಬೀಕರು ಎತ್ತಿ, ಮುಚ್ಚಳ ಸರಿಸಿ ಮೂಗಿಗೆ ಹಿಡಿದು, ಹೊಟ್ಟೆ ಮುಂದೆ ಮಾಡಿ, ಕ್ಷಣದಲ್ಲಿ ಬಿಳಿ ಸಾಹೇಬನಾದ.

"ಆಹ್, ಮೈ ಡಿಯರ್ ಲೇಡಿ! ಸ್ಮೋಕ್! ರೇಸಿನ್ಸ್! ವಂಡರ್‌ಫುಲ್ ಶೆರ್ರಿ!"

ಬಸವೇಶ್ವರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಸಾಕು ಬಿಡೋ ನಾಟಕ. ಅದು ನಮ್ಮ ಲ್ಯಾಬಿನ ಪ್ಯೂನ ಮುಕ್ರಮ ಚಾಚಾನ ಸುಲೇಮಾನಿ, ಹಾಲಿಲ್ಲದ ಚಹಾ. ನೊಣ ಬೀಳ್ತಾವಂತ ಮುಚ್ಚಿಟ್ಟು ಊಟಕ್ಕ ಹೋಗ್ಯಾನ."

ಅವನೂ ನಕ್ಕ. ಆದರೆ ತುಸು ತಡವಾಗಿ ನಕ್ಕ. ನಗುತ್ತಲೇ ಎರಡೂ ಬೀಕರುಗಳ ಬಣ್ಣವನ್ನು ಕಳ್ಳಗಣ್ಣಿನಿಂದ ಹೋಲಿಸಿದ.

"ಸಂಜು, ಅದರಾಗ ನಿಂಬಿಹಣ್ಣು ಹಿಂಡ್ಯಾನ."

ಅವನು ಬೀಕರನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಯಾವಾಗಿಂದ?"

"ಹೋದ ವರ್ಷ ಜ್ವರ ಬಂದಿತ್ತಲ್ಲ, ಆವಾಗಿಂದ. ವಾಸನಿ ತಿರುಗಿ ಬರ್ತದ ಅಂದ್ರು ಡಾಕ್ಟರು. ಬರಲಿಲ್ಲ." ಈ ಸಲದ ದನಿ ಯಾರದೂ ಅಲ್ಲ, ಅವನದೇ. ಬಹಳ ಸಣ್ಣದಿತ್ತು.

ಮೊದಲ ಶೀಶೆ ಬಂದದ್ದು ಆ ಜ್ವರದ ಮುಂದಿನ ತಿಂಗಳು.

"ನಾ ಬರದದ್ದನ್ನ ಏನ್ ಮಾಡಿದಿ?"

"ಇಂಗ್ಲಿಷಿಗಿ ಹಾಕಿ ನನ್ನ ಹೆಸರಲೇ ಕೊಟ್ಟೆ. ನೌಕರಿ ಉಳೀತು."

"ಅಂದ್ರ ನಿನಗ ಬೇಕಾಗಿದ್ದು ನನ್ನ ಮೂಗು."

"ಮೊದಲಿಗಿ ಹೌದು."

"ಆಮ್ಯಾಲೆ? ಎಷ್ಟನೇ ಶೀಶೆಯಿಂದ ನಾನು?"

ಸುಳ್ಳಾದರೂ ಹೇಳಲಿ ಎಂದು ಅವಳ ಜೀವ ಬಡಿದುಕೊಂಡಿತು. ಎರಡನೆಯದು ಎನ್ನಲಿ, ಐದನೆಯದು ಎನ್ನಲಿ. ಜಿಲ್ಲೆಯಲ್ಲಿರುವ ದನಿಗಳನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡವನಿಗೆ ಒಂದು ಸುಳ್ಳು ಹೊರಡಲಿಲ್ಲ.

"ಖರೇ ಅಂದ್ರ ಗೊತ್ತಿಲ್ಲ ಬಸು. ಆದ್ರ ಈಗ ನಿನ್ನ ಬಿಟ್ಟು ಇರಾಕ ಆಗಂಗಿಲ್ಲ. ನಿಮ್ಮ ಅಪ್ಪಾಗ ಕೇಳಾಕೇ ಬಂದೇನಿ."

"ನನ್ನ ಬಿಟ್ಟೋ, ಮೂಗು ಬಿಟ್ಟೋ? ಅದೊಂದು ಬಿಡಿಸಿ ಹೇಳು. ಈಗಿಂದೀಗ ನಮ್ಮ ಮನಿಗಿ ಹೋಗೂಣು."

ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯಿತು, ನಿಂತಿತು, ಮತ್ತೆ ಹೊಡೆಯಿತು. ಅವನಿಗೆ ಬಿಡಿಸಲಾಗಲಿಲ್ಲ.

"ಪೆನ್ನ ತಗಿ," ಎಂದಳು.

"ಬ್ಯಾಡ ಬಸು."

"ತಗಿ ಅಂದೆ. ನೌಕರಿ ಯಾಕ ಕಳಕೋತಿ? ಬರಕೋ. ಇದೇ ಕಡೀದು. ಇನ್ನ ಮ್ಯಾಲ ಶೀಶೆ ಕಳಸಬ್ಯಾಡ. ಐತವಾರ ನಾ ಜೇವರ್ಗಿಯವರಿಗಿ ಹೂಂ ಅಂತೇನಿ."

ಮುಚ್ಚಳ ತೆಗೆದಳು. ಇಷ್ಟು ಚೆಂದದ್ದು ಆರರಲ್ಲಿ ಒಂದೂ ಇರಲಿಲ್ಲ. ಕೂಸಿಗೆ ತುತ್ತು ಕೊಡುವಂತೆ ನಿಧಾನವಾಗಿ ಹೇಳಿದಳು.

"ಮೊದಲು ಹೊಗಿ. ಹಸಿ ತೊಗರಿ ಕಟ್ಟಿಗಿ ಉರಿದಂಗ. ಅದರ ಹಿಂದ ದವಾಖಾನಿ, ಟಿಂಚರ್ ಹಚ್ಚಿದ ಪಟ್ಟಿ. ಅಂಜಬ್ಯಾಡ, ಅದು ಲಗೂನ ಹೋಗ್ತದ. ಆಮ್ಯಾಲೆ ಒಣದ್ರಾಕ್ಷಿ. ಲವಂಗ. ತಳ ಹಿಡಿಯೂ ಹೊತ್ತಿನ ಬೆಲ್ಲದ ಪಾಕ."

ಒಂದು ಮಾತೂ ತಪ್ಪಬಾರದೆಂದು ಅವನು ಬಾಗಿ ಬರೆಯುತ್ತಿದ್ದ. ತಲೆ ಅವಳ ಭುಜದ ಹತ್ತಿರ ಬಂದಿತ್ತು.

"ಕಡೀಕ? ಎಲ್ಲಾ ಹೋದ ಮ್ಯಾಲ ಏನ್ ಉಳೀತದ?"

ಅವಳು ಕಣ್ಣು ಮುಚ್ಚಿದಳು. ಬೀಕರು ಆಗಲೇ ಮೇಜಿನ ಮೇಲೆ ದೂರದಲ್ಲಿತ್ತು.

"ಬಿಸಿಲಾಗ ಒಣಗಿದ ಅಂಗಿ," ಎಂದಳು. "ಬಸ್ಸಿನ ಧೂಳು. ದಣದು ಬಂದ ಮನಷ್ಯಾ."

"ಛಲೋ ಅದ," ಎಂದ ಸಂಜುಕುಮಾರ. ಅದನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆದ.