ಕೇಳಿದವರಿಗೆ ತಕ್ಕ ಮುಖ

ಜೂನ್ 11, ಮಂಗಳವಾರ. ಬೆಳಿಗ್ಗೆ 10.40ಕ್ಕೆ ಮಾನ್ವಿಯ ಗೋಪಮ್ಮ ರಾಯಚೂರಿನ ಠಾಣೆಗೆ ಬಂದಳು. ಜೊತೆಗೆ ಬೀಗನಾಗಬೇಕಿದ್ದ ದೇವದುರ್ಗದ ಕೊಟ್ರೇಶ. ಇನ್‌ಸ್ಪೆಕ್ಟರ್ ತಾಯಪ್ಪ ಕೂರಲು ಹೇಳಿದರೂ ಆಕೆ ಸೆರಗನ್ನು ಬಾಯಿಗೆ ಹಿಡಿದು ನಿಂತೇ ಇದ್ದಳು.

"ಹೇಳಾಕ ನಾಚಿಕಿ ಆಗ್ತದರೀ ಸಾಹೇಬ್ರ. ನನ್ನ ಮಗಳು ಶೈಲಶ್ರೀ ಮಾರಿ ಯಾವಕಿದೋ ಹೆಸರಿನ್ಯಾಗ ಅದ."

ಕೊಟ್ರೇಶ ಮೊಬೈಲು ಮುಂದಿಟ್ಟ. ಕಿರಿಮಗನಿಗೆ ಹೆಣ್ಣು ಹುಡುಕಲು ವಧು-ವರರ ವೆಬ್‌ಸೈಟು ತೆರೆದಿದ್ದ. ಅಲ್ಲಿ 'ಅನುರಾಧಾ, ರಾಯಚೂರು, ನೋಂದಣಿ 127' ಎಂಬಲ್ಲಿ, ಹಿರಿಮಗನಿಗೆ ಗೊತ್ತು ಮಾಡಿದ್ದ ಶೈಲಶ್ರೀಯ ಫೋಟೊ ಇತ್ತು.

"ಒಂದ ಹುಡುಗಿ, ಎರಡು ಹೆಸರು. ಇಂಥ ಮನಿಯಾಗ ಹೆಂಗ ಬೀಗತನ ಮಾಡಬೇಕ್ರಿ?"

"ಮಗಳು ಮೂರು ದಿನ ಆತು, ಉಂಡಿಲ್ರೀ," ಎಂದಳು ಗೋಪಮ್ಮ.

11.30ಕ್ಕೆ ಎಫ್‌ಐಆರ್ ದಾಖಲಾಯಿತು. ಪೇದೆ ಜಾಹೆದಾ ಠಾಣೆಯ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದಳು. ಬೇರೆ ಮುಖ, ಎಡಗೆನ್ನೆಯ ಮೇಲೆ ಸುಟ್ಟ ಕಲೆ.

"ಮೊಬೈಲಿನ್ಯಾಗ ಒಂದು, ಇಲ್ಲೊಂದು?" ಎಂದ ತಾಯಪ್ಪ.

"ಪುಟದಾಗ ಫೋಟೊ ಇರಂಗಿಲ್ರೀ ಸರ್. ಕೇಳಿದಾಗೊಮ್ಮೆ ಸರ್ವರಿನ ಸ್ಕ್ರಿಪ್ಟು, ಅಂದ್ರ ಅದಕ್ಕ ಬರದಿಟ್ಟ ಆದೇಶ, ಒಳಗಿಂದ ತಂದು ಕೊಡ್ತದ. ಇವರು ವರನ ಕಡೆಯವರಂತ ಲಾಗಿನ್ ಆಗ್ಯಾರ, ನಾವು ಆಗಿಲ್ಲ. ಯಾರು ಕೇಳಾಕತ್ತಾರಂತ ನೋಡಿ ಕೊಡಾಕತ್ತದ."

"ಗಿರಾಕಿ ನೋಡಿ ಅಕ್ಕಿ ಚೀಲ ಬಿಚ್ಚಿದಂಗ ಅನ್ನು."

ಅಂದಮೇಲೆ ಗೋಪಮ್ಮನತ್ತ ನೋಡಿ ತಾಯಪ್ಪ ನಾಲಿಗೆ ಕಚ್ಚಿಕೊಂಡ.

ಮಧ್ಯಾಹ್ನ 3.15. ವೆಬ್‌ಸೈಟಿನ ಮಾಲೀಕ ಅಂಬರೀಶನ ಕಚೇರಿ ಅವನ ಮನೆಯ ಹೊರಕೋಣೆ. ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸಿಕ್ಕಿತು: ವರನ ಕಡೆಯವರು 127 ಕೇಳಿದರೆ 214 ಕೊಡು. 214 ಶೈಲಶ್ರೀಯ ನೋಂದಣಿ.

"ಯಾರು ಬರ್ದದ್ದು?"

"ನಾನ ರೀ."

"127 ಯಾರು?"

ಅಂಬರೀಶ ಒಳಬಾಗಿಲ ಪರದೆಯತ್ತ ನೋಡಿ ದನಿ ತಗ್ಗಿಸಿದ. "ನಮ್ಮ ತಂಗಿರೀ."

"ಯಾಕ ಮಾಡ್ದಿ?"

"ಮೂರು ವರ್ಷ ಒಬ್ಬರೂ ಒಪ್ಪಿಗಿ ಬಟನ್ ಒತ್ತಲಿಲ್ರೀ. ಇವತ್ತರ ಯಾರರ ಒತ್ಯಾರೇನಣ್ಣಾ ಅಂತ ದಿನಾ ಕೇಳ್ತಿದ್ಲು. ಮಾನ್ವಿ ಹುಡುಗಿ, ಯಾರಿಗಿ ಗೊತ್ತಾಗ್ತದ ಅಂದ್ಕೊಂಡೆ."

ತಾಯಪ್ಪ ಕೊಟ್ರೇಶನಿಗೆ ಫೋನು ಮಾಡಿದ. "ಶೈಲಶ್ರೀದು ಏನೂ ತಪ್ಪಿಲ್ಲ."

ಆ ಕಡೆಯಿಂದ, "ಈಗ ಯಾವ ಮಾರಿ ಹೊತ್ತು ಮಾನ್ವಿಗಿ ಹೋಗ್ಲಿರೀ?"

4.50ಕ್ಕೆ ಅಂಬರೀಶನ ಬಂಧನವಾಯಿತು. ಪರದೆ ಸರಿಸಿ ಅನುರಾಧಾ ಹೊರಗೆ ಬಂದಳು. ಆಕೆ ತೆರೆದಾಗಲೆಲ್ಲ ಪುಟದಲ್ಲಿ ಕಂಡದ್ದು ತನ್ನದೇ ಫೋಟೊ.

"ಈ ವರ್ಷ ಮೂವತ್ತೊಂದು ಮನಿಯವರು ಒಪ್ಪಿದ್ರಲ್ಲಣ್ಣಾ... ನನ್ನ ಮಾರಿ ಅಲ್ಲೇನದು?"

ಅಂಬರೀಶ ಅವಳ ಮುಖ ನೋಡದೆ ಹೊರಗೆ ನಡೆದ.

ತಾಯಪ್ಪ ಕೇಸ್ ಡೈರಿಯಲ್ಲಿ, ಕೃತ್ಯದ ಉದ್ದೇಶ ಎಂಬಲ್ಲಿ 'ತಂಗಿಯ ಮೇಲಿನ ಮಮತೆ' ಎಂದು ಬರೆದ. ಸ್ವಲ್ಪ ಹೊತ್ತು ಬಿಟ್ಟು ಅದನ್ನು ಹೊಡೆದುಹಾಕಿ, 'ತಂಗಿಯ ಮುಖದ ಬಗ್ಗೆ ನಾಚಿಕೆ' ಎಂದು ತಿದ್ದಿದ.