ನಾ ಬಾ

"ಕೇಬಲ್ ಎಲ್ಲಿ?"

"ಯಾವ ಕೇಬಲ್‌ರೀ?"

ಲ್ಯಾಪ್‌ಟಾಪ್ ಬ್ಯಾಗನ್ನು ಅವನ ತಲೆಯ ಮೇಲೆ ಕುಕ್ಕಬೇಕು ಅನ್ನಿಸಿತು. ಜೂನ್ ತಿಂಗಳ ಬಿಸಿಲಲ್ಲಿ ಯೂನಿವರ್ಸಿಟಿ ಗೇಟಿನ ಲಂಕಾ ಬಡಾವಣೆಯಿಂದ ಎರಡು ಇ-ರಿಕ್ಷಾ ಬದಲಾಯಿಸಿ, ಗಲ್ಲಿಯಲ್ಲಿ ಅಡ್ಡ ಮಲಗಿದ್ದ ಹೋರಿಗೆ ದಾರಿ ಬಿಟ್ಟು, ಆ ಬ್ಯಾಗನ್ನು ಮಗುವಿನ ಹಾಗೆ ಎದೆಗವುಚಿಕೊಂಡು ಬಂದಿದ್ದೆ. ಅದೂ ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು! ನೀಲಕಂಠ ಮಾತ್ರ ಬಾಗಿಲಲ್ಲಿ ನಿಂತು ಕಣ್ಣು ಪಿಳಿಪಿಳಿ ಬಿಡುತ್ತಿದ್ದ.

"ಎಚ್‌ಡಿಎಂಐ ಕೇಬಲ್. ಲ್ಯಾಪ್‌ಟಾಪ್‌ನಿಂದ ನಿಮ್ಮ ಹೋಮ್ ಥಿಯೇಟರ್‌ಗೆ ಹಾಕೋದು. ಅದಿಲ್ಲದೆ ಸಿನಿಮಾ ಹೇಗೆ ತೋರಿಸ್ತೀರಾ? ನೀವೇ ಕುಣಿದು ತೋರಿಸ್ತೀರಾ?"

"ಇಲ್ಲಂತ ಮುಂಜಾನೇನ ಮೆಸೇಜ್ ಹಾಕಿದ್ನೆಲ್ರೀ."

"ಸುಳ್ಳು! ತರ್ತೀನಿ ಅಂದಿದ್ರಿ."

ಫೋನ್ ತೆಗೆದು ಅವನ ಮೂಗಿನ ಮುಂದೆ ಹಿಡಿದೆ. ನಾನು ಕೇಳಿದ್ದು, 'ಕೇಬಲ್ ಇದೆಯಾ? ಯಾರು ತರೋದು?' ಅವನ ಉತ್ತರ ಇಂಗ್ಲಿಷ್ ಅಕ್ಷರಗಳಲ್ಲಿ ಎರಡೇ ಪದ: ನಾ ಬಾ.

"ಬರೋಬ್ಬರಿ ಐತಲ್ರೀ," ಅಂದ. "ನಾ ಬಾ. ಅಂದ್ರ ಇಲ್ಲ. ಭೋಜಪುರಿ. ದೂಧ್ ನಾ ಬಾ, ಬಿಜಲಿ ನಾ ಬಾ. ಬನಾರಸಿಗೆ ಬಂದು ಮೂರು ವರ್ಷ ಆತು, ಇಷ್ಟೂ ತಿಳಿಯೂದಿಲ್ಲೇನ್ರೀ?"

ಅಯ್ಯೋ ದೇವರೇ. ನಾನು ಅದನ್ನು ಕನ್ನಡದಲ್ಲಿ ಓದಿಕೊಂಡಿದ್ದೆ. 'ನಾ', ಅಂದರೆ ನಾನು ತರ್ತೀನಿ. 'ಬಾ', ಅಂದರೆ ಬಾ.

ಈ ಮನುಷ್ಯ ಹುಟ್ಟಿದ್ದೇ ಇಲ್ಲಿ, ಕನ್ನಡದ ಮಠದ ಹಿಂದಿನ ಈ ಮನೆಯಲ್ಲಿ. ಮಠದ ಯಾತ್ರಿ ನಿವಾಸದ ಆಫೀಸು ನೋಡಿಕೊಳ್ಳುತ್ತಾನೆ. ಎರಡು ವರ್ಷದ ಹಿಂದೆ ಯುಗಾದಿ ಹೋಳಿಗೆಗೆಂದು ಬಂದ ನನಗೆ "ಬರ್ರಿ, ಕೂಡ್ರಿ, ಉಣ್ರಿ" ಅಂದ. ಅಂದಿನಿಂದ ಬರೀ ರೀ, ರೀ, ರೀ. ನನಗೆ ಜ್ವರ ಬಂದಾಗ ಮೂರು ದಿನ ಹಾಸ್ಟೆಲ್ ಗೇಟಿಗೆ ಗಂಜಿ ತಂದ. ಆಗಲೂ "ಆರಾಮ ಆಗ್ರಿ." ದೋಣಿ ಹತ್ತುವಾಗ ಕೈ ಹಿಡಿದ, ದೋಣಿ ನಡುನೀರಿಗೆ ಹೋದರೂ ಬಿಡಲಿಲ್ಲ. ಬಾಯಲ್ಲಿ ಮಾತ್ರ "ಸಾವಕಾಶ್ರೀ." ಕೈಗೆ ಬಂದ ಸಲಿಗೆ ಬಾಯಿಗೆ ಬರಲೇ ಇಲ್ಲ.

ಇವತ್ತು ಬೆಳಿಗ್ಗೆ ಬಾಯಿಗೂ ಬಂತು ಅಂದುಕೊಂಡೆ. ಯೂನಿವರ್ಸಿಟಿಯಲ್ಲಿ ನನ್ನ ರಿಸರ್ಚ್ ಈ ತಿಂಗಳಿಗೆ ಮುಗಿಯುತ್ತದೆ. ತುಮಕೂರಿನ ಕಾಲೇಜಿನಲ್ಲಿ ಪರ್ಮನೆಂಟ್ ಕೆಲಸ ಕಾದಿತ್ತು. ಇಲ್ಲೇ ಉಳಿದರೆ ಇನ್ನೊಂದೇ ವರ್ಷದ ಕೆಲಸ. ಯಾವುದೆಂದು ಇವತ್ತೇ ತಿಳಿಸಬೇಕಿತ್ತು. ಒಂಬತ್ತೂ ಹತ್ತಕ್ಕೆ 'ಬಾ' ಬಂತು. ಒಂಬತ್ತೂ ಹದಿನೈದಕ್ಕೆ ನಾನು ತುಮಕೂರಿಗೆ 'ಬರೋಲ್ಲ' ಎಂದು ಮೇಲ್ ಕಳಿಸಿಬಿಟ್ಟೆ.

ಒಂದು ಭೋಜಪುರಿ 'ಇಲ್ಲ'ಕ್ಕೆ!

"ಯಾಕ್ರೀ, ಮಾರಿ ಹಂಗ್ಯಾಕ ಮಾಡೀರಿ?"

"ನನ್ನ ಮುಖ ಇರೋದೇ ಹೀಗೆ. ಪಕ್ಕಕ್ಕೆ ಸರೀರಿ."

ಒಳಗೆ ಅವನ ತಾಯಿ ತಾರಾದೇವಿ ಅವಲಕ್ಕಿ ಹುರಿಯುತ್ತಿದ್ದರು. ಮಠದವರನ್ನೆಲ್ಲ ನಾಲ್ಕು ಗಂಟೆಗೆ ಕರೆದಿದ್ದರು. ಅವರು ಮದುವೆಗೆ ಮೊದಲು ನೋಡಿದ್ದ ಕಪ್ಪುಬಿಳುಪು ಸಿನಿಮಾವನ್ನು ನಾನು ಒಂದು ತಿಂಗಳು ಹುಡುಕಿ ಲ್ಯಾಪ್‌ಟಾಪಿಗೆ ಹಾಕಿಕೊಂಡು ಬಂದಿದ್ದೆ. ಆ ತಾಯಿಯ ಮುಖ ನೋಡಿ ಕೂತೆ, ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್.

ನೀಲಕಂಠ ಕಪಾಟು ಕೆದಕಿ ಒಂದು ಹಳೆಯ ಆಕ್ಸ್ ವೈರ್ ತಂದ. "ಚಿತ್ರ ಸಣ್ಣದಾದ್ರೂ ಆಗ್ಲಿ, ಸೌಂಡರ ಜೋರಾಗಿ ಬರ್ಲಿ."

ಒಂದು ತುದಿ ಲ್ಯಾಪ್‌ಟಾಪಿಗೆ, ಕೆಂಪು-ಬಿಳಿ ಮೂತಿಗಳು ಹೋಮ್ ಥಿಯೇಟರಿನ ಬೆನ್ನಿಗೆ. ಅವನು ನೆಲಕ್ಕೆ ಮಲಗಿ ತೂರಿಸುತ್ತಿದ್ದ. ಹಣೆಗೆ ಕೂದಲು ಅಂಟಿಕೊಂಡಿತ್ತು, ಮೂಗಿನ ಮೇಲೆ ಧೂಳು. ಸೆರಗಿನಲ್ಲಿ ಒರೆಸಬೇಕು ಅನ್ನಿಸಿತು. ಅನ್ನಿಸಿದ್ದಕ್ಕೆ ಸಿಟ್ಟು ಇನ್ನೂ ಏರಿತು.

"ಏನರ ಪ್ಲೇ ಮಾಡ್ರಿ."

ಸಿನಿಮಾ ಹಾಕಿದೆ. ಸದ್ದಿಲ್ಲ. ಹಾಡು ಹಾಕಿದೆ. ಊಹೂಂ.

"ಇನ್ನೊಂದು ಒತ್ರಿ."

"ಒತ್ತಿದ್ದೇ ಒತ್ತಿದ್ದು! ನಿಮ್ಮನೆ ಡಬ್ಬಾನೂ ನಿಮ್ಮ ಹಾಗೇ, ಬಾಯಿಲ್ಲ ಅದಕ್ಕೆ!" ಅಂದವಳೇ, ಲ್ಯಾಪ್‌ಟಾಪಿನ ವಾಟ್ಸ್ಯಾಪಿನಲ್ಲಿ ನನ್ನ ಬೆಳಗಿನ ಸುದ್ದಿಗೆ ಉತ್ತರವಾಗಿ ಆಗತಾನೇ ಬಂದು ಕೂತಿದ್ದ ಗೆಳತಿ ಅಕ್ಷರಾಳ ವಾಯ್ಸ್ ಮೆಸೇಜನ್ನೂ ಕುಟ್ಟಿದೆ. ಹೇಗೂ ಕೇಳುವುದಿಲ್ಲವಲ್ಲ. ಅದೇ ಹೊತ್ತಿಗೆ ಅವನು ಎದ್ದು, ರಿಮೋಟಿನಲ್ಲಿ ಡಿವಿಡಿಯಿಂದ ಆಕ್ಸ್‌ಗೆ ಬದಲಾಯಿಸಿದ.

ಐದು ಸ್ಪೀಕರ್, ಒಂದು ವೂಫರ್. ತುಮಕೂರಿನ ಅಕ್ಷರಾ ಬನಾರಸಿನ ಆ ಕೋಣೆಯಲ್ಲಿ ಗುಡುಗಿದಳು.

"ತಲೆ ಕೆಟ್ಟಿದೆಯೇನೇ ಗಗನಾ? ಅವನು 'ಬಾ' ಅಂದ ಅಂತ ಪರ್ಮನೆಂಟ್ ಕೆಲಸ ಬಿಟ್ಟೆಯಾ? ಎರಡು ವರ್ಷದಿಂದ ಪ್ರೀತಿಸ್ತಿದ್ದೀಯ, ಆ ಪುಣ್ಯಾತ್ಮ ಇನ್ನೂ ಒಂದಕ್ಷರಕ್ಕೇ ನಿಂತಿದ್ದಾನಾ?"

ಅಡುಗೆಮನೆಯಿಂದ ತಾರಾದೇವಿ ಕೂಗಿದರು. "ಸಿನಿಮಾ ಚಾಲೂ ಆತೇನು? ಆ ಗೆಳತಿ ಪಾರ್ಟ್ ಮಾಡಿದಾಕಿ ಚಲೋ ಮಾತಾಡ್ತಾಳ!"

ನಾನು ವೈರ್ ಕಿತ್ತೆ. ಲ್ಯಾಪ್‌ಟಾಪ್ ಮುಚ್ಚಿದೆ. ಬ್ಯಾಗಿನ ಜಿಪ್ಪು ಬಟ್ಟೆಗೆ ಸಿಕ್ಕಿಕೊಂಡಿತು, ಹಾಳಾದದ್ದು. ಅತ್ತರೆ ಕಾಡಿಗೆ ಹರಿಯುತ್ತದೆ ಎಂದು ಅಳಲಿಲ್ಲ.

"ಕೆಲಸ ಬಿಟ್ರಿ?" ಅವನ ದನಿ ಏರಿತ್ತು. ಎರಡು ವರ್ಷದಲ್ಲಿ ಮೊದಲ ಸಲ. "ನನ್ನ ಒಂದ್ ಮಾತು ಕೇಳಲಾರದ?"

"ನಿಮ್ಮನ್ನ ಕೇಳಬೇಕಿತ್ತಾ? ನೀವು ಬಾಯಿ ಬಿಟ್ಟು ಹೇಳಿದ್ರೆ ತಾನೇ!"

"ಏನಂತ ಹೇಳ್ಲಿ? ಬಂದಾಗೊಮ್ಮೆ 'ತುಮಕೂರಿಗೆ ಹೋಗ್ತೀನಿ, ಹೋಗ್ತೀನಿ' ಅಂತಿದ್ರಿ. ಹೊಂಟಾಕಿ ಸೀರೆ ಜಗ್ಗಲೇನು?"

"ಜಗ್ಗಬೇಕಿತ್ತು!"

ಹೇಳಿಬಿಟ್ಟೆ. ಅವನು ಬಂದು ನನ್ನ ಬ್ಯಾಗಿನ ಜಿಪ್ಪನ್ನು ಬಿಡಿಸಿದ. ಬಿಡಿಸಿದ ಮೇಲೂ ಕೈ ತೆಗೆಯಲಿಲ್ಲ.

"ನಾ ಕನ್ನಡದಾಗ 'ಬಾ' ಅಂತ ಕರಿಯೋದು ಒಬ್ಬಾಕಿನ್ನ. ಅವ್ವನ್ನ," ಅಂದ. "ಇನ್ನೊಬ್ಬಾಕಿಗೆ ಅಂದ್ರ, ಆಕಿ ಮತ್ತ ಹೋಗಬಾರದು. ಅಂದ ಮ್ಯಾಲ ನೀವು ಹೋದ್ರ ನನ್ನ ಕಡೆ ತಡಕೊಳ್ಳೂದು ಆಗ್ತಿದ್ದಿಲ್ಲ. ಅದಕ್ಕ ಅನ್ಲಿಲ್ಲ."

"ಈಗಲೂ ಅಂದಿಲ್ಲ," ಅಂದೆ. ಸಿಟ್ಟು ಬಿಡಲಿಲ್ಲ. "ಭೋಜಪುರಿಯಲ್ಲಿ ಇಲ್ಲ ಅಂದಿದ್ದೀರಿ, ಅಷ್ಟೇ."

ಅವನು ಕಣ್ಣೆತ್ತಿ ನೋಡಿದ. ಧೂಳಿನ ಮೂಗು, ಕೆಂಪಗಾದ ಕಿವಿ.

"ಗಗನಾ," ಅಂದ. "ಬಾ."

"ಇದು ಯಾವ ಭಾಷೆ?"

"ಕನ್ನಡ. ಅವ್ವನಾಣೆ ಕನ್ನಡ."

ಎರಡು ವರ್ಷ ಕಾದದ್ದು ಇಷ್ಟು ಸಣ್ಣ ಪದಕ್ಕಾ? ಹೌದು, ಇದಕ್ಕೇ. ಅಷ್ಟರಲ್ಲಿ ತಾರಾದೇವಿ ಬಾಗಿಲಿಗೆ ಬಂದರು, ಕೈಯಲ್ಲಿ ಅವಲಕ್ಕಿ ತಟ್ಟೆ. ನಮ್ಮಿಬ್ಬರನ್ನೂ ನೋಡಿದರು, ಬ್ಯಾಗಿನ ಮೇಲಿದ್ದ ಎರಡು ಕೈಗಳನ್ನೂ ನೋಡಿದರು. "ಸಿನಿಮಾ ಐತೋ ಇಲ್ಲೋ?" ಅಂದರು.

"ನಾ ಬಾ," ಅಂದ ಮಗರಾಯ, ಹಲ್ಲು ಕಿರಿಯುತ್ತ.

ನಾನು ಸೆರಗಿನ ತುದಿಯಿಂದ ಅವನ ಮೂಗನ್ನು ಕೆಂಪಾಗುವ ಹಾಗೆ ಉಜ್ಜಿದೆ.

"ಏನು ನೋಡ್ತಾ ನಿಂತಿದ್ದೀಯ? ಮೂರೂವರೆ ಆಯ್ತು. ಗೋದೌಲಿಯಾ ಮಾರ್ಕೆಟ್ಟಿಗೆ ಓಡು. ಆ ಕೇಬಲ್ ತಗೊಂಡು ಬೇಗ ಬಾ."