ಹನ್ನೆರಡು ಗಂಟೆಯ ಡಿಫ್ರಾಗ್

ರಾತ್ರಿ ಹನ್ನೆರಡು ಎಂದುಕೊಂಡು ನಾನು ಡಿಫ್ರಾಗ್ ಸಮಯವನ್ನು ಮಧ್ಯಾಹ್ನ ಹನ್ನೆರಡಕ್ಕೆ ಹಾಕಿಬಿಟ್ಟೆನೇ? ಆಸ್ಪತ್ರೆಯ ರೋಗಿಗಳ ದಾಖಲೆಗಳೆಲ್ಲ ಇರುವ ಸರ್ವರ್ ಅದು. ಚದುರಿದ ಮಾಹಿತಿಯನ್ನು ಒಟ್ಟುಗೂಡಿಸುವ ಡಿಫ್ರಾಗ್, ಎಲ್ಲರೂ ಕೆಲಸ ಮಾಡುತ್ತಿರುವಾಗಲೇ ತಾನಾಗಿ ಶುರುವಾಗಿತ್ತು. ಏಸಿ ಹಾಕಿದ ಸರ್ವರ್ ಕೋಣೆಯಲ್ಲಿ ನಾನೊಬ್ಬನೇ ಇದ್ದೆ; ಡಿಸ್ಕು ಹಲ್ಲು ಕಡಿದಂತೆ ಕಟಕಟ ಎನ್ನುತ್ತಿತ್ತು.

ಆಪರೇಷನ್ ಥಿಯೇಟರಿನಿಂದ ನರ್ಸಕ್ಕ ಫೋನ್ ಮಾಡಿದರು. "ಏನಪ್ಪಾ, ನಿನ್ನ ಸರ್ವರ್ ಗೊರಕೆ ಹೊಡೀತಿದೆಯಾ? ಟೇಬಲ್ ಮೇಲಿರೋ ಹುಡುಗಿಗೆ ಪ್ರಜ್ಞೆ ಇಲ್ಲ. ಯಾವ ಇಂಜೆಕ್ಷನ್ ಒಗ್ಗಲ್ಲ ಅಂತ ನೋಡ್ಬೇಕು, ಸ್ಕ್ರೀನ್ ಅಲ್ಲಾಡ್ತಿಲ್ಲ!"

"ಎರಡೇ ನಿಮಿಷ ಅಕ್ಕಾ" ಎಂದು ಡಿಫ್ರಾಗ್ ನಿಲ್ಲಿಸಲು ಒದ್ದಾಡಿದೆ. ಕೊನೆಗೆ ನಿಂತಿತು. ಕಟಕಟ ಮಾತ್ರ ನಿಲ್ಲಲಿಲ್ಲ. ಈಗ ಅದು ನನ್ನ ಬೆನ್ನ ಹಿಂದಿನಿಂದ ಬರುತ್ತಿತ್ತು. ತಿರುಗಿದೆ. ಯಾರೂ ಇರಲಿಲ್ಲ. ನಾನೇ ಚಿಲಕ ಹಾಕಿದ್ದ ಬಾಗಿಲು ಅರ್ಧ ತೆರೆದಿತ್ತು, ಅದರ ಹಿಡಿ ಒದ್ದೆಯಾಗಿತ್ತು.

ಮತ್ತೆ ಫೋನ್ ಬಂತು. "ಉಳಿಸಿದೆ ಕಣಪ್ಪಾ! ಡಾಕ್ಟರ್ ಕೈಯಲ್ಲಿ ಅವಳಿಗೆ ಒಗ್ಗದ ಇಂಜೆಕ್ಷನ್ನೇ ಇತ್ತು, ಅಷ್ಟರಲ್ಲಿ ಅದು ಬೇಡ ಅಂತ ನಿನ್ನ ಚೀಟಿ ಬಂತು. ಆಮೇಲೆ ಸ್ಕ್ರೀನಲ್ಲೂ ನೋಡಿದ್ವಿ, ಸರಿಯಾಗಿತ್ತು. ಚೀಟಿ ತಂದ ಯಜಮಾನ್ರ ಕೈ ಏನು ಮಂಜುಗಡ್ಡೆನಪ್ಪಾ! ಅವರನ್ನೂ ಏಸೀಲೇ ಕೂರಿಸ್ತೀಯಾ?"

"ಹೂಂ ಅಕ್ಕಾ" ಎಂದೆ.

ಹುಡುಗಿ ನಾಲ್ಕನೇ ದಿನ ನಡೆದುಕೊಂಡೇ ಮನೆಗೆ ಹೋದಳು. ನಾನು ಚೀಟಿ ಬರೆದಿರಲಿಲ್ಲ, ಯಾರನ್ನೂ ಕಳಿಸಿರಲಿಲ್ಲ ಎಂದು ನರ್ಸಕ್ಕನಿಗೆ ಇಂದಿಗೂ ಹೇಳಿಲ್ಲ.